ನೀಲಿ ಗಿಡ: ಬಣ್ಣಕ್ಕೋ, ಗೊಬ್ಬರಕ್ಕೋ?



ಸೋಮಂದೇಪಲ್ಲಿ ಕಡೆಯ ಬೆಳೆಗಾರರೊಬ್ಬರು ಮೊನ್ನೆ ಕಚೇರಿಗೆ ಬಂದಿದ್ದರು. ಅವರ ಕೊಳವೆ ಬಾವಿಯಲ್ಲಿ ನೀರು ಇಳಿದಿದೆ. “ಒಂದೆಕರೆ ಕಬ್ಬು ತೆಗೆದು ನೀಲಿ ಹಾಕಲೇ ಸಾರ್?” ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ತಮ್ಮೆಲ್ಲರ ಗಮನಕ್ಕೂ ತರುತ್ತಿದ್ದೇನೆ.

ತೆಲುಗಿನಲ್ಲಿ ಅವಿರಿ ಎನ್ನುವ ಈ ಗಿಡ ತೊಗರಿ, ಹುರುಳಿಗಳ ಬಳಗದ ದ್ವಿದಳ ಸಸ್ಯ. ಕಬ್ಬಿಗೆ ಬೇಕಾಗುವಷ್ಟು ನೀರು ಇದಕ್ಕೆ ಬೇಡ. ಎಲೆ ಹಸಿರು, ಹೂವು ನಸುಗೆಂಪು. ಗಿಡದಲ್ಲಿ ಎಲ್ಲಿ ಹುಡುಕಿದರೂ ನೀಲಿ ಕಾಣದು. ಎಲೆಯಲ್ಲಿರುವುದು ಇಂಡಿಕನ್ ಎಂಬ ಬಣ್ಣವಿಲ್ಲದ ವಸ್ತು. ಹಸಿ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟರೆ ಅದು ಕೊಳೆತು, ಹಳದಿ ಮಿಶ್ರಿತ ಹಸಿರು ನೀರಾಗುತ್ತದೆ. ಆ ನೀರನ್ನು ಬೇರೆ ತೊಟ್ಟಿಗೆ ಬಿಟ್ಟು ಗಂಟೆಗಟ್ಟಲೆ ಬಡಿಯಬೇಕು. ಗಾಳಿ ಸೇರಿದಂತೆಲ್ಲ ನೊರೆಯೆದ್ದು ನೀಲಿ ಕಣಗಳು ಹುಟ್ಟಿ ತಳಕ್ಕೆ ಇಳಿಯುತ್ತವೆ. ಆ ಗಸಿಯನ್ನು ಕಾಯಿಸಿ, ಹಿಂಡಿ, ಬಿಲ್ಲೆ ಮಾಡಿ ಒಣಗಿಸುತ್ತಾರೆ. ಈ ನೀಲಿ ನೀರಿನಲ್ಲಿ ಕರಗದು. ಆದ್ದರಿಂದಲೇ ಬಣ್ಣಗಾರರು ಅದನ್ನು ಮತ್ತೆ ಹುಳಿಯಿಸಿ ಕರಗಿಸಿಕೊಳ್ಳುತ್ತಾರೆ. ಅದರಲ್ಲಿ ಅದ್ದಿ ಎತ್ತಿದ ಬಟ್ಟೆ ಮೊದಲು ಹಸಿರಾಗಿರುತ್ತದೆ, ಗಾಳಿಗೆ ಹಿಡಿದರೆ ನೋಡುತ್ತಿದ್ದಂತೆ ನೀಲಿಯಾಗುತ್ತದೆ.

ನಮ್ಮ ನೆರೆಯ ಕಡಪ ಸೀಮೆಯಿಂದ ಹಿಂದೆ ನೀಲಿ ಪರದೇಶಕ್ಕೆ ಹೋಗುತ್ತಿತ್ತು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಗಿಡದ ನೀಲಿಯ ಬೆಲೆ ಕುಸಿಯಿತು. ಬಿಹಾರದ ಚಂಪಾರಣ್ಯದಲ್ಲಿ ರೈತರು 20 ಕಠ್ಠಾ ಭೂಮಿಗೆ 3 ಕಠ್ಠಾ ನೀಲಿ ಹಾಕಲೇಬೇಕೆಂಬ ಕಟ್ಟಳೆಯಿತ್ತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು, ಮರುವರ್ಷ ಕಾನೂನಿನಿಂದ ಅದು ರದ್ದಾಯಿತು. ಆ ಸೀಮೆಯ ನೀಲಿ ದೊರೆಗಳಲ್ಲಿ ಹಲವರು ಆಮೇಲೆ ಹಿಡಿದದ್ದು ನಮ್ಮ ಕಬ್ಬನ್ನೇ! ತೊಟ್ಟಿಯಿಂದ ತೆಗೆದ ಕೊಳೆತ ಸೊಪ್ಪು ಒಳ್ಳೆಯ ಗೊಬ್ಬರವೆಂಬುದನ್ನೂ ಅಲ್ಲಿಯವರು ಬಲ್ಲವರಾಗಿದ್ದರು.

ಈಗ ಮತ್ತೆ ಸ್ವಲ್ಪ ಬೇಡಿಕೆ ಬಂದಿದೆ: ನೈಸರ್ಗಿಕ ಬಣ್ಣಕ್ಕೆ, ಗೋರಂಟಿಯೊಡನೆ ತಲೆಗೂದಲಿಗೆ ಹಚ್ಚುವ ಎಲೆಪುಡಿಗೆ. ಆದರೆ ಕೊಳ್ಳುವವರು ಕಡಿಮೆ. ಬೆಲೆ, ತೂಕ, ಒಣಗಿಸುವ ರೀತಿ ಇವು ಕಾಗದದ ಮೇಲೆ ಬಾರದೆ ಕಬ್ಬಿನ ಕೂಳೆ ಅಗೆಯಬೇಡಿ. ಬೀಳು ಬಿಟ್ಟ ಖುಷ್ಕಿಯಲ್ಲಿ ನಾಲ್ಕೈದು ಗುಂಟೆ ಹಾಕಿ ನೋಡಿ. ಬೀಜದ ಸಿಪ್ಪೆ ಗಟ್ಟಿ, ಮರಳಿನೊಡನೆ ಉಜ್ಜಿ ಬಿತ್ತಿರಿ. ಮೊದಲು ನಿಧಾನವಾಗಿ ಏಳುವುದರಿಂದ ಕಬ್ಬಿನ ಸಾಲಿನ ನಡುವೆ ಇದು ಬೇಡ, ಅಲ್ಲಿಗೆ ಸೆಣಬೇ ಸರಿ. ಎಲೆಗೆ ಗಿರಾಕಿ ಸಿಗದಿದ್ದರೆ ಕಾಂಡ ಬಲಿಯುವ ಮೊದಲೇ, ಮಣ್ಣಿನಲ್ಲಿ ಹಸಿ ಇರುವಾಗ, ಉತ್ತು ಮುಚ್ಚಿಬಿಡಿ.