ಕಲಿಯುವ ಕೈಗೆ ಯಾವ ವೆಲ್ಡಿಂಗ್ ರಾಡ್?

ವೆಲ್ಡಿಂಗ್ ಕಲಿಯಲು ಹೊರಟವರು ಹಾರ್ಡ್‌ವೇರ್ ಅಂಗಡಿಯಲ್ಲಿ ರಾಡ್ ಕೇಳಿದರೆ ಸಾಮಾನ್ಯವಾಗಿ ಎರಡು ಹೆಸರು ಕಿವಿಗೆ ಬೀಳುತ್ತವೆ: 6013 ಮತ್ತು 7018. ದೊಡ್ಡ ಸಂಖ್ಯೆಯದ್ದೇ ಗಟ್ಟಿ, ಗಟ್ಟಿಯಾದದ್ದೇ ಒಳ್ಳೆಯದು ಎಂದು ಅನಿಸುವುದು ಸಹಜ. ಮುಂಬಯಿಯಲ್ಲಿ ಕಲಿಯುವವರ ಮಟ್ಟಿಗೆ ಈ ಲೆಕ್ಕ ತಪ್ಪು. ಎರಡರ ಒಳಗಿರುವುದೂ ಹೆಚ್ಚುಕಡಿಮೆ ಒಂದೇ ಬಗೆಯ ಮೆದು ಉಕ್ಕಿನ ತಂತಿ. ವ್ಯತ್ಯಾಸವಿರುವುದು ಅದರ ಮೇಲಿನ ಲೇಪದಲ್ಲಿ. ಆ ಲೇಪಕ್ಕೂ ಈ ಊರಿನ ಗಾಳಿಗೂ ಇರುವ ನಂಟನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಮೊದಲ ಎರಡು ಅಂಕಿಗಳು ಹೇಳುವುದು ಬೆಸುಗೆಯ ಲೋಹ ತಡೆಯಬಲ್ಲ ಕನಿಷ್ಠ ಎಳೆತವನ್ನು: 60 ಎಂದರೆ ಚದರ ಅಂಗುಲಕ್ಕೆ 60 ಸಾವಿರ ಪೌಂಡ್, ಸುಮಾರು 414 ಮೆಗಾಪ್ಯಾಸ್ಕಲ್, 70 ಎಂದರೆ ಸುಮಾರು 480. ನಮ್ಮಲ್ಲಿ ಆ್ಯಂಗಲ್, ಚಾನೆಲ್, ಪ್ಲೇಟ್‌ಗಳಿಗೆ ಹೆಚ್ಚಾಗಿ ಬಳಸುವ ಐಎಸ್ 2062ರ ಇ250 ಉಕ್ಕು ತಡೆಯಬೇಕಾದ ಕನಿಷ್ಠ ಎಳೆತವೇ 410 ಮೆಗಾಪ್ಯಾಸ್ಕಲ್. ಅಂದರೆ ಸರಿಯಾಗಿ ಹಾಕಿದ 6013ರ ಬೆಸುಗೆ ಅದು ಹಿಡಿದಿರುವ ಕಬ್ಬಿಣಕ್ಕಿಂತ ದುರ್ಬಲವಲ್ಲ. ಕುರ್ಲಾ, ಸಾಕಿನಾಕಾದ ಗಾಳಾಗಳಲ್ಲಿ, ಅಂದರೆ ಸಣ್ಣ ವರ್ಕ್‌ಶಾಪ್‌ಗಳಲ್ಲಿ, ತಯಾರಾಗುವ ಕಿಟಕಿ ಗ್ರಿಲ್, ಗೇಟುಗಳಿಗೆ ಇಷ್ಟು ಶಕ್ತಿ ಧಾರಾಳ. ಕಲಿಯುವವರ ಬೆಸುಗೆ ಬಿಟ್ಟುಕೊಳ್ಳುವುದು ರಾಡಿನ ಬಲ ಸಾಲದೆ ಅಲ್ಲ. ಲೋಹ ಬೆರೆಯದೆ, ಲೇಪ ಕರಗಿ ಉಳಿಯುವ ಕಿಟ್ಟ ಒಳಗೇ ಸಿಕ್ಕಿಕೊಂಡು.

6013ರ ಲೇಪದ ಮುಖ್ಯ ವಸ್ತು ರೂಟೈಲ್, ಅಂದರೆ ಟೈಟಾನಿಯಂ ಡೈಆಕ್ಸೈಡ್. ಜೊತೆಗಿರುವ ಪೊಟ್ಯಾಸಿಯಂ ಸುಲಭವಾಗಿ ಅಯಾನುಗಳಾಗಿ ಒಡೆದು ಆರ್ಕ್ ಆರದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಆರ್ಕ್ ಹೊತ್ತುವ ಮುನ್ನ ಸುಮಾರು 50 ವೋಲ್ಟ್ ಕೊಡುವ ಸಾದಾ ಎಸಿ ಟ್ರಾನ್ಸ್‌ಫಾರ್ಮರಿನಲ್ಲೂ 6013 ಹೊತ್ತಿಕೊಳ್ಳುತ್ತದೆ. 7018ಕ್ಕೆ ಸುಮಾರು 70 ವೋಲ್ಟ್ ಬೇಕು, ಆರ್ಕ್ ತೀರಾ ಗಿಡ್ಡವಿರಬೇಕು. ಒಮ್ಮೆ ಆರಿತೆಂದರೆ ತುದಿಯಲ್ಲಿ ಗಾಜಿನಂಥ ಪದರ ಕಟ್ಟಿಕೊಳ್ಳುತ್ತದೆ; ಅದನ್ನು ಒಡೆಯದೆ ಮತ್ತೆ ಹೊತ್ತುವುದಿಲ್ಲ. ಕೈ ಇನ್ನೂ ನಿಲ್ಲದವರಿಗೆ ಇದೇ ದೊಡ್ಡ ಅಡ್ಡಿ.

ಆದರೆ ನಿರ್ಣಾಯಕ ಸಂಗತಿ ತೇವ. 7018 'ಕಡಿಮೆ ಹೈಡ್ರೋಜನ್' ರಾಡ್. ಅದರ ಬೆಲೆ ನಿಂತಿರುವುದೇ ಆ ಗುಣದ ಮೇಲೆ. ಲೇಪದಲ್ಲಿ ನೀರಿದ್ದರೆ ಆರ್ಕ್‌ನ ಶಾಖಕ್ಕೆ ಅದು ಒಡೆದು ಹೈಡ್ರೋಜನ್ ಕರಗಿದ ಲೋಹದೊಳಗೆ ಸೇರುತ್ತದೆ. ಬೆಸುಗೆಯ ಪಕ್ಕದಲ್ಲಿ ಶಾಖಕ್ಕೆ ಗಡುಸಾದ ಉಕ್ಕಿಗೆ ಅದು ಹರಡಿ, ಗಂಟೆಗಳ ಬಳಿಕ, ಕೆಲವೊಮ್ಮೆ ದಿನಗಳ ಬಳಿಕ, ಬಿರುಕು ಬಿಡಿಸುತ್ತದೆ. ಅದಕ್ಕೇ ಅಮೆರಿಕದ ವೆಲ್ಡಿಂಗ್ ಸಂಹಿತೆಯ ಪ್ರಕಾರ ಸಾಮಾನ್ಯ 7018 ಬಯಲು ಗಾಳಿಯಲ್ಲಿ 4 ಗಂಟೆಗಿಂತ ಹೆಚ್ಚು ಇರುವಂತಿಲ್ಲ. ಇದ್ದರೆ 260 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಿನ ಶಾಖದಲ್ಲಿ ಕನಿಷ್ಠ 2 ಗಂಟೆ ಸುಡಬೇಕು. ಜುಲೈ ತಿಂಗಳಲ್ಲಿ ಮುಂಬಯಿಯ ಸರಾಸರಿ ಆರ್ದ್ರತೆ ಶೇ. 80ಕ್ಕೂ ಹೆಚ್ಚು. ಅಂಥ ಗಾಳಿಯಲ್ಲಿ ಪೊಟ್ಟಣ ಒಡೆದು ಬಿಡಿಬಿಡಿಯಾಗಿ ಮಾರಿದ, ಓವನ್ನು ಕಾಣದ 7018 ತನ್ನ ಹೆಸರಿನ ಗುಣವನ್ನೇ ಕಳೆದುಕೊಂಡಿರುತ್ತದೆ. ಹೆಚ್ಚು ಹಣ ಕೊಟ್ಟು ಹೆಚ್ಚು ಕಷ್ಟಪಟ್ಟದ್ದಷ್ಟೇ ಲಾಭ.

ಹಾಗಾದರೆ 6013ಕ್ಕೆ ತೇವ ತಾಗುವುದಿಲ್ಲವೇ? ತಾಗುತ್ತದೆ. ಸಿಡಿತ ಹೆಚ್ಚುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಆದರೆ ಅದನ್ನು 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಒಣಗಿಸಿದರೆ ಸಾಕು. ತೆಳು ಮೆದು ಉಕ್ಕು ಅಷ್ಟಾಗಿ ಗಡುಸಾಗದ ಕಾರಣ ಹೈಡ್ರೋಜನ್ ಬಿರುಕಿನ ಭಯವೂ ಅಲ್ಲಿ ಕಡಿಮೆ. ಸುಲಭದ ರಾಡಿನಲ್ಲಿ ಕಲಿತರೆ ಕೈ ಪಳಗುವುದಿಲ್ಲ ಎಂಬ ಇನ್ನೊಂದು ಆಕ್ಷೇಪವಿದೆ. ಇದನ್ನು ನಾನು ಒಪ್ಪುವುದಿಲ್ಲ. 6013 ಹೊತ್ತಿಸಲು ಸುಲಭ, ಓಡಿಸಲು ಅಲ್ಲ. ಕಪ್ಪು ಗಾಜಿನ ಹಿಂದಿನಿಂದ ನೋಡಿದರೆ ಕರಗಿದ ಲೋಹದ ಮಡು ಮುಂದೆ ಹೊಳೆಯುತ್ತಿರಬೇಕು, ಕಿಟ್ಟ ಅದರ ಬೆನ್ನ ಹಿಂದೆ ಬರುತ್ತಿರಬೇಕು. ಕರೆಂಟು ಕಡಿಮೆಯಾದರೆ, ರಾಡಿನ ಓರೆ ತಪ್ಪಿದರೆ ಕಿಟ್ಟ ಮುಂದಕ್ಕೆ ನುಗ್ಗಿ ಲೋಹದ ಕೆಳಗೆ ಹೂತುಹೋಗುತ್ತದೆ. ಮಡುವನ್ನೂ ಕಿಟ್ಟವನ್ನೂ ಬೇರೆ ಬೇರೆಯಾಗಿ ಗುರುತಿಸುವ ಈ ಕಣ್ಣು ಬಂದವರಿಗೆ ಮುಂದೆ ಯಾವ ರಾಡ್ ಆದರೂ ಒಗ್ಗುತ್ತದೆ.

ಅಳತೆಯಲ್ಲಿ, ಅಂಗಡಿಯವರು 12 ನಂಬರ್ ಎನ್ನುವ 2.5 ಮಿ.ಮೀ. ರಾಡ್‌ನಿಂದ ಶುರುಮಾಡಿ, 60ರಿಂದ 90 ಆಂಪಿಯರ್ ಒಳಗೆ. 3 ಮಿ.ಮೀ. ದಾಟಿದ ಪಟ್ಟಿಗಳಿಗೆ 10 ನಂಬರ್, ಅಂದರೆ 3.15 ಮಿ.ಮೀ. ಸಾಕು. 7018ರ ಜಾಗ ಬೇರೆ: ದಪ್ಪ ಪ್ಲೇಟು, ಭಾರ ಹೊರುವ ತೊಲೆ, ಒತ್ತಡದ ಪಾತ್ರೆ. ಅಲ್ಲಿ 6013 ಸಲ್ಲದು, ಕಲಿಯುವ ಕೈಯೂ ಸಲ್ಲದು. ಹತ್ತನೇ ಮಹಡಿಯ ಹೊರಗೋಡೆಯಲ್ಲಿ ಏಸಿ ಹೊರುವ ಬ್ರಾಕೆಟ್ಟಿನ ಕೆಳಗೆ ಜನ ಓಡಾಡುತ್ತಾರೆ. ಅದನ್ನು ಮಾತ್ರ ಪರೀಕ್ಷೆ ಪಾಸಾದ ವೆಲ್ಡರ್‌ಗೇ ಬಿಡಿ.