ನುಂಗಲು ಕಷ್ಟವೇ? ಮಂದ ಮಾಡುವ ಪುಡಿಯ ಗುಟ್ಟು ತಿಳಿಯಿರಿ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ವೃದ್ಧೆಯೊಬ್ಬರನ್ನು ಸೊಸೆ ನನ್ನ ಬಳಿ ಕರೆತಂದಿದ್ದರು. ಜ್ವರ, ಕೆಮ್ಮು, ಏದುಸಿರು. ಪರೀಕ್ಷಿಸಿದಾಗ ನ್ಯುಮೋನಿಯ ಆಗಿತ್ತು. ನೀರು, ಕಾಫಿಯನ್ನು ಮಂದ ಮಾಡಿ ಕುಡಿಸಲು ಹೇಳಿ ಆಸ್ಪತ್ರೆಯಲ್ಲಿ ಒಂದು ಪುಡಿ ಕೊಟ್ಟಿದ್ದರಂತೆ. ಅದು ಮುಗಿದಾಗ ಸೊಸೆ ಡಬ್ಬಿಯ ಮೇಲೆ ‘ಮಾಡಿಫೈಡ್ ಮೇಜ್ ಸ್ಟಾರ್ಚ್’ ಎಂದು ಓದಿದ್ದಾರೆ. “ಕಾರ್ನ್‌ಫ್ಲೋರ್ ತಾನೇ ಡಾಕ್ಟ್ರೇ, ಮನೆಯಲ್ಲೇ ಇತ್ತು. ತಣ್ಣನೆ ನೀರಿಗೆ ಕಲಸಿ ಕೊಟ್ಟೆ” ಎಂದರು. ಎರಡೂ ಒಂದೇ ಎಂದು ಭಾವಿಸಿದ್ದು ಅವರ ತಪ್ಪಲ್ಲ. ವ್ಯತ್ಯಾಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಮಂದ ಏಕೆ ಮಾಡಬೇಕು?

ಪಾರ್ಶ್ವವಾಯು, ಪಾರ್ಕಿನ್ಸನ್ ಮುಂತಾದ ಕಾಯಿಲೆಗಳಲ್ಲಿ ನುಂಗುವ ಸ್ನಾಯುಗಳು ನಿಧಾನವಾಗುತ್ತವೆ. ತೆಳುವಾದ ನೀರು ವೇಗವಾಗಿ ಹರಿದು, ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯಬಹುದು. ಕುಡಿಯುವಾಗ ಕೆಮ್ಮು, ಕುಡಿದ ಮೇಲೆ ಗೊರಗೊರ ದನಿ, ಮರುಕಳಿಸುವ ಜ್ವರ ಇದರ ಸೂಚನೆಗಳು. ಕೆಲವರಿಗೆ ಕೆಮ್ಮೇ ಬರುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಬೆಂಕಿ ಮಾಡುವ ಕೆಲಸ

ಗಂಜಿ ಕಾಯಿಸಿದ ಗೃಹಿಣಿಗೆ ಪಿಷ್ಟದ ಸ್ವಭಾವ ಗೊತ್ತೇ ಇದೆ. ಕಾರ್ನ್‌ಫ್ಲೋರನ್ನು ತಣ್ಣೀರಿಗೆ ಹಾಕಿದರೆ ಅದು ತಳಕ್ಕೆ ಇಳಿಯುತ್ತದೆ, ಮೇಲಿನ ನೀರು ನೀರಾಗಿಯೇ ಇರುತ್ತದೆ. ಸುಮಾರು 62ರಿಂದ 72 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಆಗಷ್ಟೇ ಮಂದವಾಗುತ್ತದೆ. ಇನ್ನೂ ಕುದಿಸಿ ತಿರುವಿದರೆ ಕಣಗಳು ಒಡೆದು ಮತ್ತೆ ತೆಳುವಾಗುತ್ತದೆ. ಆರಿದಾಗ ಹೆಪ್ಪುಗಟ್ಟಿ, ಬಹಳ ಹೊತ್ತು ಇಟ್ಟರೆ ನೀರು ಬಿಡುತ್ತದೆ. ರೋಗಿಗೆ ಪ್ರತಿ ಗುಟುಕೂ ಒಂದೇ ಹದದಲ್ಲಿ ಬೇಕು. ಕಾರ್ನ್‌ಫ್ಲೋರ್ ಆ ಭರವಸೆ ಕೊಡಲಾರದು.

ಮಾರ್ಪಡಿಸಿದ ಪಿಷ್ಟದಲ್ಲಿ ಈ ದೋಷಗಳನ್ನು ತಿದ್ದಿರುತ್ತಾರೆ. ಪಿಷ್ಟದ ಎಳೆಗಳ ನಡುವೆ ಫಾಸ್ಫೇಟಿನ ಸೇತುವೆಗಳನ್ನು ಕಟ್ಟಿದರೆ ಕಣಗಳು ಬಿಸಿಗೂ ಹುಳಿಗೂ ಸುಲಭವಾಗಿ ಒಡೆಯುವುದಿಲ್ಲ. ಹೈಡ್ರಾಕ್ಸಿಪ್ರೊಪೈಲ್ ಗುಂಪುಗಳನ್ನು ಸೇರಿಸಿದರೆ ಆರಿದಾಗ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಲೇಬಲ್ಲಿನಲ್ಲಿ ಕಾಣುವ 1442 ಎಂಬ ಸಂಖ್ಯೆ ಇಂಥ ಪಿಷ್ಟದ್ದೇ. ಇದನ್ನು ಮೊದಲೇ ಬೇಯಿಸಿ ಒಣಗಿಸಿರುವುದರಿಂದ ತಣ್ಣೀರಿನಲ್ಲೂ ಮಂದವಾಗುತ್ತದೆ.

ಮನೆಯಲ್ಲಿ ಗಮನಿಸಿ

ಪುಡಿ ಬೆರೆಸಿದ ಕೂಡಲೇ ಕುಡಿಸಬೇಡಿ. ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಕಾಯಿರಿ. ಹಾಲಿನಲ್ಲಿ ಹದ ಬರುವುದು ಇನ್ನೂ ನಿಧಾನ. ಬಿಸಿ ಕಾಫಿ ಆರಿದಂತೆ ಮತ್ತಷ್ಟು ಮಂದವಾಗುತ್ತದೆ. ಕುಡಿಸುವ ಬಿಸಿಯಲ್ಲೇ ಹದ ನೋಡಿ.

ಎಂಜಲು ಚಮಚವನ್ನು ಲೋಟಕ್ಕೆ ಅದ್ದಬೇಡಿ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕರಗಿಸಿ ಪಾನೀಯವನ್ನು ತೆಳುವಾಗಿಸುತ್ತದೆ. ಉಳಿದದ್ದನ್ನು ಚೆಲ್ಲಿ, ಹೊಸದಾಗಿ ಕಲಸಿ. ಗೋಂದಿನ ಜಾತಿಯ ಜಾಂಥನ್ ಗಮ್ ಪುಡಿಗಳಿಗೆ ಜೊಲ್ಲಿನ ಈ ತೊಂದರೆ ಇಲ್ಲ.

ಹದ ಪರೀಕ್ಷಿಸಲು ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ ಸಾಕು. ಆದರೆ ಅದರ 0ಯಿಂದ 10ರ ಗುರುತಿನವರೆಗೆ 61.5 ಮಿ.ಮೀ. ಉದ್ದವಿರಬೇಕು. ತುದಿಗೆ ಬೆರಳೊತ್ತಿ 10ರವರೆಗೆ ತುಂಬಿ, ಬೆರಳು ತೆಗೆದು, 10 ಸೆಕೆಂಡಿಗೆ ಮತ್ತೆ ಮುಚ್ಚಿ. 4ರಿಂದ 8 ಮಿ.ಲೀ. ಉಳಿದರೆ ಅದು ಅಂತರರಾಷ್ಟ್ರೀಯ ಅಳತೆಯಲ್ಲಿ ಎರಡನೆಯ ಹಂತ. ನಿಮ್ಮವರಿಗೆ ಯಾವ ಹಂತ ಬೇಕೆಂಬುದನ್ನು ನುಂಗುವಿಕೆ ಪರೀಕ್ಷಿಸಿದ ತಜ್ಞರೇ ಹೇಳಬೇಕು.

ಸಕ್ಕರೆ ಕಾಯಿಲೆ ಇರುವವರು ಗಮನಿಸಿ: ಮಾರ್ಪಡಿಸಿದರೂ ಪಿಷ್ಟ ಪಿಷ್ಟವೇ. ದಿನವಿಡೀ ಬೆರೆಸಿ ಕುಡಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಮಂದವಾದ ನೀರು ರುಚಿಸದೆ ರೋಗಿಗಳು ಕಡಿಮೆ ಕುಡಿಯುವುದೂ ಉಂಟು. ತುಟಿ ಒಣಗಿದೆಯೇ, ಮೂತ್ರ ಕಡಿಮೆಯಾಗಿದೆಯೇ ನೋಡುತ್ತಿರಿ. ನೆಟ್ಟಗೆ ಕೂರಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿ.

ಆ ತಾಯಿ ಗುಣಮುಖರಾಗಿ ಮನೆಗೆ ಮರಳಿದರು. ಪುಡಿ ಮುಗಿಯುವ ಮೊದಲೇ ಸೊಸೆ ಈಗ ಇನ್ನೊಂದು ಡಬ್ಬಿ ತಂದಿಡುತ್ತಾರೆ. ಕಾರ್ನ್‌ಫ್ಲೋರ್ ಸಾರು, ಸೂಪಿಗೆ ಮಾತ್ರ.