ಬೆಂಕಿಯ ಕಾವಲು

ಕೊಳ್ಳೇಗಾಲದಿಂದ ಹೊರಟು, ಹನೂರನ್ನು ದಾಟಿ ಮುಂದೆ ಹೋದರೆ ಕಾಡಿನ ಅಂಚಿನಲ್ಲಿ ಹೂಗ್ಯಂ ಎಂಬ ಊರು ಸಿಕ್ಕುತ್ತದೆ. ಮಲೆ ಮಹದೇಶ್ವರ ವನ್ಯಧಾಮದ ಒಂದು ವಲಯಕ್ಕೆ ಈ ಊರಿನದೇ ಹೆಸರು. ಎಲೆಯುದುರುವ ಒಣಗಾಡು ಅದು. ಶಿವರಾತ್ರಿ ಸಮೀಪಿಸುವ ವೇಳೆಗೆ ನೆಲವೆಲ್ಲ ತರಗೆಲೆಯ ಹಾಸು. ಆರದ ಬೀಡಿಯ ತುಂಡೊಂದು ಸಾಕು, ಬೆಟ್ಟವೇ ಉರಿದೀತು. ಆದುದರಿಂದಲೇ ಇಂಥ ಕಾಡುಗಳಲ್ಲಿ ಬೇಸಗೆಗೆ ಮೊದಲೇ ಬೆಂಕಿರೇಖೆಗಳನ್ನು ಸವರಿ, ಕಾವಲುಗಾರರನ್ನು ನಿಲ್ಲಿಸುತ್ತಾರೆ. ಈ ಕಾವಲುಗಾರರಿಗೆ ಈಗ ಆಕಾಶದಲ್ಲಿಯೂ ಒಬ್ಬ ಸಂಗಾತಿಯುಂಟು. ಉಪಗ್ರಹದ ಕಣ್ಣು ನೆಲದ ಮೇಲಿನ ಅಸಹಜವಾದ ಕಾವನ್ನು ಗುರುತಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಆ ಸುದ್ದಿಯನ್ನು ಅರಣ್ಯದ ಸಿಬ್ಬಂದಿಗೆ ಮೊಬೈಲ್ ಸಂದೇಶವಾಗಿ ಮುಟ್ಟಿಸುತ್ತದೆ. ಆದರೆ ಸಂದೇಶ ತಾನಾಗಿ ಬೆಂಕಿಯನ್ನು ನಂದಿಸದು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಬೇಕಾದವನು ಮನುಷ್ಯನೇ. ಅವನಿಗೆ ಆಸರೆ, ಮೊದಲೇ ಸವರಿಟ್ಟ ಆ ಬೋಳು ಪಟ್ಟಿ.

ಪಟ್ಟಣದ ಗಾಜಿನ ಸೌಧಗಳಿಗೂ ಇದೇ ನ್ಯಾಯ ಸಲ್ಲುತ್ತದೆ. ಇದನ್ನು ಬೆಂಗಳೂರು ಬಹು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು. ೨೦೧೦ರ ಫೆಬ್ರವರಿ ೨೩ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಏಳು ಅಂತಸ್ತಿನ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ವಿದ್ಯುತ್ ತಂತಿಗಳನ್ನು ಕೊಂಡೊಯ್ಯುವ ಗೂಡು ಚಿಮಣಿಯಂತಾಗಿ, ಹೊಗೆ ಮೇಲಂತಸ್ತುಗಳಿಗೆ ನುಗ್ಗಿತು. ಮೆಟ್ಟಿಲಿನತ್ತ ಓಡಿದವರಿಗೆ ಬೀಗ ಹಾಕಿದ ಬಾಗಿಲುಗಳು ಎದುರಾದುವೆಂದು ಬದುಕಿ ಬಂದವರು ಹೇಳಿದರು. ಕೆಲವರು ಉಸಿರುಕಟ್ಟಿ ಸತ್ತರು. ಕೆಲವರು ಕಿಟಕಿಯ ಗಾಜೊಡೆದು ಕೆಳಕ್ಕೆ ಹಾರಿ ಸತ್ತರು. ಒಟ್ಟು ೯ ಜೀವಗಳು. ಕೆಲಸಕ್ಕೆಂದು ಬೆಳಿಗ್ಗೆ ಮನೆಯಿಂದ ಹೊರಟವರು ಸಂಜೆ ಮರಳಲಿಲ್ಲ. ಅವರ ಬಂಧುಗಳು 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆಯನ್ನು ಕಟ್ಟಿ, ತಮ್ಮ ದುಃಖವನ್ನು ಇತರರ ಎಚ್ಚರವನ್ನಾಗಿ ಮಾಡಲು ದುಡಿದರು.

ಅಂದಿನಿಂದ ಇಂದಿಗೆ ಕಾವಲಿನ ಯಂತ್ರಗಳು ಬಹಳ ಜಾಣವಾಗಿವೆ. ಹೊಗೆಸೂಚಕವನ್ನೇ ನೋಡಿ. ಅದರೊಳಗೆ ಒಂದು ಪುಟ್ಟ ಕತ್ತಲೆ ಕೋಣೆ. ಅಲ್ಲೊಂದು ಬೆಳಕಿನ ಕಿರಣ, ಓರೆಯಲ್ಲಿ ಒಂದು ವಿದ್ಯುತ್ ಕಣ್ಣು. ಗಾಳಿ ಶುದ್ಧವಾಗಿರುವಷ್ಟು ಕಾಲ ಕಿರಣ ಕಣ್ಣಿಗೆ ಬೀಳುವುದಿಲ್ಲ. ಹೊಗೆಯ ಕಣಗಳು ಒಳಹೊಕ್ಕೊಡನೆ ಬೆಳಕು ಚೆದರಿ ಕಣ್ಣನ್ನು ಮುಟ್ಟುತ್ತದೆ, ಎಚ್ಚರಿಕೆ ಹೊರಡುತ್ತದೆ. ಇಂಥ ಪ್ರತಿಯೊಂದು ಸೂಚಕಕ್ಕೂ ಈಗ ತನ್ನದೇ ಸಂಖ್ಯೆಯುಂಟು. 'ಎಲ್ಲೋ ಬೆಂಕಿ' ಎಂದು ಕೂಗುವ ಬದಲು 'ನಾಲ್ಕನೆಯ ಅಂತಸ್ತು, ಇಂಥ ಕೋಣೆ' ಎಂದು ಅದು ಹೇಳಬಲ್ಲದು. ಸುದ್ದಿ ಕೇಂದ್ರ ಫಲಕವನ್ನು ಮುಟ್ಟಿದೊಡನೆ ಹವಾನಿಯಂತ್ರಣ ನಿಲ್ಲುತ್ತದೆ, ಲಿಫ್ಟು ಕೆಳಗಿಳಿದು ನಿಲ್ಲುತ್ತದೆ, ವಿದ್ಯುತ್ ಬೀಗಗಳು ಕಳಚಿಕೊಳ್ಳುತ್ತವೆ, ಮೆಟ್ಟಿಲ ಗೂಡಿಗೆ ಹೊಗೆ ನುಗ್ಗದಂತೆ ಪಂಖಗಳು ಶುದ್ಧ ಗಾಳಿಯನ್ನು ಒತ್ತುತ್ತವೆ. ಛಾವಣಿಯ ಸ್ಪ್ರಿಂಕ್ಲರಿನ ಕೆಂಪು ಗಾಜುಗುಂಡು ಸುಮಾರು ೬೮ ಡಿಗ್ರಿ ಸೆಲ್ಸಿಯಸ್ ಕಾವಿಗೆ ಒಡೆದು ನೀರು ಸುರಿಸುತ್ತದೆ. ಒಂದು ಒಡೆದರೆ ಎಲ್ಲವೂ ಸುರಿಯುವುವೆಂಬ ತಿಳಿವಳಿಕೆ ತಪ್ಪು. ಸಾಮಾನ್ಯವಾಗಿ ಕಾವು ತಗುಲಿದುದು ಮಾತ್ರ ತೆರೆಯುತ್ತದೆ.

ಅಂತರ್ಜಾಲದೊಡನೆ ಬೆಸೆದ ವ್ಯವಸ್ಥೆಯ ನಿಜವಾದ ಉಪಕಾರ ಬೆಂಕಿಯ ದಿನಕ್ಕಿಂತ ಉಳಿದ ದಿನಗಳಲ್ಲಿಯೇ ಹೆಚ್ಚು. ತೊಟ್ಟಿಯ ನೀರು ಇಳಿದಿದೆ, ಪಂಪಿನ ಒತ್ತಡ ಸಾಲದು, ಬ್ಯಾಟರಿ ಸತ್ತಿದೆ, ಯಾರೋ ಕವಾಟವನ್ನು ಮುಚ್ಚಿದ್ದಾರೆ ಎಂಬ ಸಣ್ಣ ಸುದ್ದಿಗಳನ್ನು ಅದು ದೂರದ ಮೇಲ್ವಿಚಾರಕನ ಕೈಫೋನಿಗೆ ಕಳುಹಿಸುತ್ತದೆ. ಹಿಂದೆ ಇಂಥ ಎಷ್ಟೋ ಲೋಪಗಳು ಬೆಳಕಿಗೆ ಬರುತ್ತಿದ್ದುದು ಬೆಂಕಿ ಬಿದ್ದ ದಿನವೇ.

ಆದರೆ ಸುದ್ದಿ ತಿಳಿದವನು ಎದ್ದು ಹೋಗಿ ಕವಾಟವನ್ನು ತೆರೆಯಬೇಡವೆ? ಅಡುಗೆಯ ಒಗ್ಗರಣೆಯ ಹೊಗೆಗೆ ಎರಡು ಸಲ ಸುಳ್ಳು ಗಂಟೆ ಮೊಳಗಿದರೆ, ಮೂರನೆಯ ಸಲಕ್ಕೆ ಅದರ ಬಾಯಿಯನ್ನೇ ಮುಚ್ಚಿಬಿಡುವವರು ನಾವು. ವಿದ್ಯುತ್ ಬೀಗವನ್ನು ಯಂತ್ರ ಕಳಚೀತು; ಕಳ್ಳರ ಭಯದಿಂದ ನಾವು ಹಾಕಿದ ಕಬ್ಬಿಣದ ಬೀಗವನ್ನು ಕಳಚುವರಾರು? ಮೆಟ್ಟಿಲ ಮೇಲೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳನ್ನು ಯಾವ ಅಂತರ್ಜಾಲ ಎತ್ತಿ ಬದಿಗಿಟ್ಟೀತು?

ಕಾಡಿನವರು ಬೇಸಗೆಗೆ ಮೊದಲೇ ರೇಖೆ ಸವರುತ್ತಾರೆ. ಪಟ್ಟಣದವರ ಬೆಂಕಿರೇಖೆ ತೆರೆದ ಮೆಟ್ಟಿಲ ದಾರಿ. ಅದನ್ನು ಸವರಬೇಕಾದ ಕಾಲ ವರ್ಷದ ಎಲ್ಲ ದಿನವೂ. ಇನ್ನೊಮ್ಮೆ ಯಾವುದಾದರೂ ದೊಡ್ಡ ಅಂಗಡಿಗೋ ಕಚೇರಿಗೋ ಹೋದಾಗ, 'ನಿರ್ಗಮನ' ಎಂದು ಬರೆದ ಬಾಗಿಲಿನ ಬಳಿ ಒಂದು ಕ್ಷಣ ನಿಂತು ನೋಡಿ. ದಾರಿಗೆ ಅಡ್ಡವಿದ್ದರೆ, ಬೀಗ ಬಿದ್ದಿದ್ದರೆ, ಅಲ್ಲಿಯವರನ್ನು ಕರೆದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.